ಬಣ್ಣದವ್ವ ತೊಳೆದ ಕುಂಚಗಳು

ಹನ್ನೆರಡು ಕುಂಚಗಳಿಗೆ ನಾನು ತೆತ್ತದ್ದು ಹಾಲು ಕರೆಯುವ ಒಂದು ಮೇಕೆ. ದುಡ್ಡು ಕೊಡುತ್ತೇನೆಂದು ಅರ್ಧ ದಿನ ಬಣ್ಣದವ್ವನ ಜಗಲಿಯ ಮೇಲೆ ಕೂತು ಚೌಕಾಶಿ ಮಾಡಿದೆ. ಆಕೆ ಕೇಳುತ್ತಲೇ ಇದ್ದಳು, ಹೆಬ್ಬೆರಳಿನಿಂದ ಒಂದು ಕುಂಚದ ಕೂದಲು ಸವರುತ್ತಲೇ ಇದ್ದಳು. ಆ ಉಗುರಿನ ಬುಡದಲ್ಲಿ ಹಳದಿ, ಅಂಚಿನಲ್ಲಿ ಕೆಂಪು, ತುದಿಗೆ ಕಾಡಿಗೆಯ ಕಪ್ಪು. ಕೊನೆಗೆ ಕುಂಚ ಕೆಳಗಿಟ್ಟು ಅಂದಳು: "ದುಡ್ಡು ಸಂತೆ ತನಕ ಇರ್ತದೆ. ಮೇಕೆ ಆದ್ರೆ ಮರಿ ಹಾಕ್ತದೆ. ಮೇಕೆ ಹೊಡ್ಕೊಂಡು ಬಾ, ಪೆಟ್ಟಿಗೆ ಹೊತ್ಕೊಂಡು ಹೋಗು."

ವ್ಯಾಪಾರದಲ್ಲಿ ನಾನು ಸೋತದ್ದು ಕಡಿಮೆ. ಅವತ್ತು ಸೋತೆ.

ಆಕೆಯ ಗಂಡ ಮಧುಗಿರಿ ಸೀಮೆಯ ಬಯಲಾಟಗಳಿಗೆ ಮುಖ ಬರೆಯುತ್ತಿದ್ದವರು. ಅವರ ವೇಷದ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿದವನು ನಾನು. ಹೊರುತ್ತಾ ಹೊರುತ್ತಾ ನೋಡಿಯೇ ಬಣ್ಣ ಕಲಿತೆ. ಅವರು ತೀರಿಕೊಂಡ ಮೇಲೆ ಬಣ್ಣದ ಪೆಟ್ಟಿಗೆ ಕೊಂಡು ಸ್ವಂತ ಕಸುಬು ಹಿಡಿಯೋಣವೆಂದು ಕೊಡಿಗೇನಹಳ್ಳಿ ಹತ್ತಿರದ ಅವರ ಮನೆಗೆ ಹೋಗಿದ್ದೆ. ಊರೆಲ್ಲ ಆಕೆಯನ್ನು ಬಣ್ಣದವ್ವ ಅನ್ನುತ್ತಿತ್ತು. ಆಕೆ ಒಂದು ದಿನವೂ ಒಂದು ಮುಖಕ್ಕೂ ಬಣ್ಣ ಹಚ್ಚಿದವಳಲ್ಲ. ಗಂಡ ಆಟ ಮುಗಿಸಿ ಬಂದರೆ ಕುಂಚ ತೊಳೆಯುವುದು ಆಕೆಯ ಕೆಲಸ.

ಮೇಕೆಯ ಜೊತೆಗೆ ಇನ್ನೊಂದು ಷರತ್ತನ್ನೂ ಹಾಕಿದಳು. ಪ್ರತಿ ಆಟವಾದ ಮೇಲೆ ಕುಂಚ ತನ್ನ ಮನೆಗೆ ಬರಬೇಕು, ತಾನೇ ತೊಳೆದು ಕೊಡಬೇಕು. ಒಂದು ಸಲದ ತೊಳೆತಕ್ಕೆ ಒಂದು ಸೇರು ರಾಗಿ. ರಾಗಿಯದೇನೂ ದೊಡ್ಡದಲ್ಲ. ನನ್ನನ್ನು ಸುಟ್ಟದ್ದು ಆಕೆಯ ನಿಧಾನ. ಮೊದಲು ಹರಳೆಣ್ಣೆ ಹಚ್ಚಿ, ಒಣಗಿದ ಬಣ್ಣ ಬಿಡುವ ತನಕ ಸುಮ್ಮನೆ ಕೂರುವುದು. ಆಮೇಲೆ ಕಡಲೆಹಿಟ್ಟಿನಲ್ಲಿ ಹೊರಳಿಸಿ ಎಣ್ಣೆ ತೆಗೆಯುವುದು. ಆಮೇಲೆ ಅಂಟುವಾಳದ ನೊರೆ. ಆಮೇಲೆ ನೀರು, ಮತ್ತೆ ನೀರು, ಮತ್ತೂ ನೀರು. ಕೊನೆಗೆ ತುದಿಯನ್ನು ಬೆರಳಲ್ಲಿ ತೀಡಿ, ನೆರಳಿನಲ್ಲಿ ದಾರಕ್ಕೆ ತಲೆಕೆಳಗಾಗಿ ಕಟ್ಟುವುದು. ಆ ದಾರದ ಕೆಳಗೆ ಕೂತು ನಾನು ಎಷ್ಟು ಗಾಡಿ ತಪ್ಪಿಸಿಕೊಂಡಿದ್ದೇನೋ ಲೆಕ್ಕವಿಲ್ಲ. ಅವಸರ ಮಾಡಿದರೆ, ನಿನ್ನ ಮದುವೆ ಮುಹೂರ್ತವೇನಾದರೂ ಮೀರುತ್ತದಾ ಎಂದು ಕೇಳುತ್ತಿದ್ದಳು. ಮೂವತ್ತು ದಾಟಿದರೂ ನನಗೆ ಹೆಣ್ಣು ಗೊತ್ತಾಗಿರಲಿಲ್ಲವೆಂಬುದು ಆಕೆಗೆ ಚೆನ್ನಾಗಿ ಗೊತ್ತು.

ಅಗಸರು ಬಟ್ಟೆ ಬೇಯಿಸುವಾಗ ಹಾಕುವ ಚೌಳು ಮಣ್ಣು ನಮ್ಮ ಕಡೆ ಹೊಲದಲ್ಲೇ ಬಿಳಿಯಾಗಿ ಉಬ್ಬಿ ಬಿದ್ದಿರುತ್ತದೆ, ಕಾಸಿನ ಖರ್ಚಿಲ್ಲ. ಅದನ್ನು ಹಾಕಬಾರದೇ ಎಂದು ಒಮ್ಮೆ ಕೇಳಿದೆ. ಆಕೆ ನನ್ನ ತಲೆ ನೋಡಿ ಹೇಳಿದಳು: "ಇದು ಅಳಿಲಿನ ಕೂದ್ಲು, ಅದು ಮೇಕೆ ಕೂದ್ಲು. ನಿನ್ ತಲೆಗೆ ಏನು ಹಾಕ್ಕೊಳ್ಳಲ್ವೋ ಅದನ್ನ ಇದಕ್ಕೂ ಹಾಕ್ಬೇಡ ಕಣ್ಲಾ."

ಕೇಳಿಸಿಕೊಂಡೆ. ಒಪ್ಪಲಿಲ್ಲ.

ಯುದ್ಧದ ಕಾಲ, ದಿನಕ್ಕೆ ಒಂದೋ ಎರಡೋ ಬಸ್ಸು. ಒಂದು ಸಲ ಕೊಡಿಗೇನಹಳ್ಳಿ ಕಡೆ ಒಂದು ಆಟ, ಮರುದಿನವೇ ಕೊರಟಗೆರೆ ಆಚೆ ಕೊಳಾಲದಲ್ಲಿ ಇನ್ನೊಂದು. ಬಿಡಲು ಮನಸ್ಸಾಗದೆ ಎರಡೂ ಊರಿನವರಿಗೆ ಹೂಂ ಅಂದುಬಿಟ್ಟಿದ್ದೆ. ಅವ್ವನ ಮನೆಗೆ ಹೋಗಿ ದಾರದ ಕೆಳಗೆ ಕೂತರೆ ಕೊಳಾಲ ಕೈಬಿಟ್ಟಂತೆಯೇ. ಬೆಳಿಗ್ಗೆ ಮಧುಗಿರಿಯಲ್ಲಿ ಇಳಿದು, ಅಗಸರ ಕಟ್ಟೆಯ ಹತ್ತಿರ ಒಂದು ಹಿಡಿ ಚೌಳು ಕೇಳಿ ಪಡೆದು, ಬಿಸಿನೀರಿನಲ್ಲಿ ಕದಡಿ ಹನ್ನೆರಡನ್ನೂ ಅದ್ದಿದೆ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬಣ್ಣವೆಲ್ಲ ಬಿಟ್ಟಿತು. ಅವ್ವ ತೊಳೆದದ್ದಕ್ಕಿಂತ ಬೆಳ್ಳಗೆ. ಈ ಮುದುಕಿ ನನ್ನ ಮೂರು ವರ್ಷ ಹಾಳು ಮಾಡಿದಳಲ್ಲಾ ಎಂದು ಬೈದುಕೊಂಡೇ ಎರಡು ಸಲ ನೀರು ತೋರಿಸಿ, ಬಿಸಿಲಿಗೆ ಹಿಡಿದು ಒಣಗಿಸಿ ಬಸ್ಸು ಹತ್ತಿದೆ.

ಕೊಳಾಲದಲ್ಲಿ ಹೊತ್ತು ಮುಳುಗುವ ಮುನ್ನವೇ ಬಣ್ಣಕ್ಕೆ ಕೂತೆವು. ರಾಕ್ಷಸನ ವೇಷ ಅಲ್ಲಿಯ ಒಬ್ಬ ಗೌಡರದು. ಕಣ್ಣಿನ ಸುತ್ತ ಕೆಂಪು ಎಳೆಯುವಾಗ ಏನೋ ಚುಚ್ಚುತ್ತದೆ ಅಂದರು. ಸ್ವಲ್ಪ ತಡೆದುಕೊಳ್ಳಿ ಅಂದೆ. ಎರಡನೇ ಗೆರೆಗೆ ನನ್ನ ಕೈಯನ್ನು ಝಾಡಿಸಿ ಎದ್ದರು. ಕೂದಲು ಒಣಹುಲ್ಲಿನ ಹಾಗೆ ಮುರಿದು ನಾಲ್ಕೈದು ಎಳೆ ರೆಪ್ಪೆಯೊಳಗೆ ಸೇರಿದ್ದವು. ಕುಂಚದ ಬುಡದಲ್ಲಿ ಉಳಿದಿದ್ದ ಚೌಳು ಬೆವರಿಗೆ ಕರಗಿ ಕಣ್ಣಿಗಿಳಿದಿತ್ತು. ನೀರು ಸುರಿದರು, ಬಾಣಂತಿಯೊಬ್ಬಳನ್ನು ಕರೆದು ಕಣ್ಣಿಗೆ ಎದೆಹಾಲು ಹಿಂಡಿಸಿದರು. ನೋಡನೋಡುತ್ತ ಕಣ್ಣು ಊದಿ ಮುಚ್ಚಿಹೋಯಿತು.

ಆಟ ಕಲಿಸಿದ ಭಾಗವತರು ಬಂದು, ಕುಂಚ ತೊಳೆದವರು ಯಾರು ಎಂದು ಕೇಳಿದರು.

"ತೊಳೆಯೋದು ಯಾವಾಗ್ಲೂ ಬಣ್ಣದವ್ವ ಅಲ್ವೆ ಸ್ವಾಮಿ" ಅಂದೆ.

ಒಂದಕ್ಷರವೂ ಸುಳ್ಳಲ್ಲ. ಅದೇ ನನ್ನ ಮಾತಿನ ಜಾಣತನ.

ಮೂರನೇ ದಿನ ಭಾಗವತರೂ ಗೌಡರ ತಮ್ಮನೂ ಕುಂಚ ಹಿಡಿದು ಅವ್ವನ ಮನೆಗೆ ಹೊರಟರು. ನನ್ನನ್ನೂ ಕರೆದುಕೊಂಡು ಹೋದರು. ಅವ್ವ ಕುಂಚವನ್ನು ಮೂಸಿದಳು. ಎರಡು ಬೆರಳ ನಡುವೆ ಹೊಸಕಿದಳು. ಕೂದಲು ಪುಡಿಯಾಗಿ ಉದುರಿತು. ನನ್ನ ಕಡೆ ಒಂದೇ ಸಲ ನೋಡಿದಳು. ಸಿಕ್ಕಿಬಿದ್ದೆ ಅಂದುಕೊಂಡೆ.

"ನನ್ನಿಂದ್ಲೇ ಆಯ್ತು ಕಣ್ರಪ್ಪ" ಅಂದಳು. "ವಯಸ್ಸಾಯ್ತು. ನೋಡ್ಕೊಳ್ಳಲಿಲ್ಲ."

ಅಣ್ಣನ ಕಣ್ಣು ಹೋದರೆ ಇದೇ ಬಾಗಿಲಿಗೆ ಬಂದು ಕೂರುತ್ತೇನೆ ಎಂದ ಗೌಡರ ತಮ್ಮ. ಬಂದು ಕೂತುಕೋ, ನಾನೆಲ್ಲಿಗೂ ಓಡಿಹೋಗುವುದಿಲ್ಲ ಎಂದಳು ಅವ್ವ. ಇನ್ನು ಮೇಲೆ ಕುಂಚ ಈ ಮನೆಗೆ ಬರಕೂಡದು ಎಂದು ಭಾಗವತರು ನನಗೆ ಕಟ್ಟುನಿಟ್ಟಾಗಿ ಹೇಳಿ ಹೊರಟರು.

ಅವರು ಹೋದ ಮೇಲೆ ನನಗೆ ಬಂದದ್ದು ನಾಚಿಕೆಯಲ್ಲ, ಸಿಟ್ಟು. ಬೈದಿದ್ದರೆ ತಿರುಗಿ ಬೈಯಬಹುದಿತ್ತು, ದಂಡ ಕೇಳಿದ್ದರೆ ಚೌಕಾಶಿ ಮಾಡಬಹುದಿತ್ತು. ಒಪ್ಪಿಕೊಂಡವಳ ಹತ್ತಿರ ಏನು ಮಾಡುವುದು? ಯಾಕವ್ವ ಹಾಗಂದೆ ಎಂದು ಕೂಗಾಡಿದೆ.

"ನೀನು ತೊಳ್ದೆ ಅಂತ ಗೊತ್ತಾದ್ರೆ ನಾಳೆಯಿಂದ ನಿನ್ ಕೈಗೆ ಯಾವನು ಮುಖ ಕೊಡ್ತಾನೆ? ನಂಗೋ ಮುಖ ಬರೆಯೋಕೆ ಬರಲ್ಲ. ನನ್ ಗಂಡನ ಪೆಟ್ಟಿಗೆ ಗೆದ್ದಲು ತಿನ್ಬೇಕಾ?" ಎಂದಳು. ಆಮೇಲೆ, ನಾನು ತಪ್ಪು ತಿಳಿದುಬಿಟ್ಟೇನೋ ಎಂಬಂತೆ, "ನಿನಗೋಸ್ಕರ ಅಂದ್ಕೊಬೇಡ. ಪೆಟ್ಟಿಗೆಗೋಸ್ಕರ" ಅಂದಳು.

ಗೌಡರ ಕಣ್ಣು ಒಂಬತ್ತನೇ ದಿನಕ್ಕೆ ತೆರೆಯಿತು, ದೃಷ್ಟಿ ಉಳಿಯಿತು. ಭಾಗವತರ ಮಾತು ಮಾತ್ರ ತಿರುಗಲಿಲ್ಲ. ಆಕೆಗೆ ಗೊತ್ತಿದ್ದ ಒಂದೇ ಕೈಕೆಲಸ ಆಕೆಯ ಕೈತಪ್ಪಿತು. ರಾಗಿ ತಲುಪಿಸುತ್ತೇನೆಂದರೆ, ಕೆಲಸವಿಲ್ಲದ ಕೂಲಿ ಬೇಡ ಬುಡು ಎಂದು ವಾಪಸು ಕಳಿಸಿದಳು. ಹೊಸದಾಗಿ ಕಟ್ಟಿಸಿಕೊಂಡ ಕುಂಚಗಳನ್ನು ತೊಳೆಯುವುದನ್ನು ಮಾತ್ರ ನನಗೆ ಕಲಿಸಿದಳು. ನಮ್ಮ ಮನೆಗೇ ಬಂದು, ಹಿತ್ತಲ ಕಲ್ಲಿನ ಮೇಲೆ ಕೂತು, ಕುಂಚ ಮುಟ್ಟದೆ, ಬಾಯಲ್ಲೇ. ನಾನು ಬುಡ ಹಿಂಡಿದರೆ, ಅದೇನು ಕೋಳಿ ಕತ್ತಾ ಅನ್ನುತ್ತಿದ್ದಳು. ಹಿಂಡದಿದ್ದರೆ, ಅಳಿಯನಿಗೆ ಕಾಲು ತೊಳೀತಿದ್ದೀಯಾ ಅನ್ನುತ್ತಿದ್ದಳು. ನನ್ನ ಕೈ ಕೆಲಸ ಮಾಡುವಾಗ ಆಕೆಯ ಕೈಬೆರಳು ಮಡಿಲಲ್ಲಿ ಸುಮ್ಮನೆ ಆಡುತ್ತಿದ್ದವು. ಅದನ್ನು ನೋಡಲಾಗದೆ ನಾನು ನೀರಿನ ಕಡೆಗೇ ನೋಡುತ್ತಿದ್ದೆ. ಹೋಗಿ ಭಾಗವತರಿಗೆ ನಿಜ ಹೇಳಿಬಿಡೋಣವೆಂದು ಎಷ್ಟೋ ಸಲ ಚಪ್ಪಲಿ ಮೆಟ್ಟಿದ್ದೇನೆ. ಅಷ್ಟರಲ್ಲಿ ಯಾವುದಾದರೂ ಊರಿನ ಆಟಕ್ಕೆ ವೀಳ್ಯ ಬರುತ್ತಿತ್ತು.

ಎರಡು ವರ್ಷಕ್ಕೆ ಅವ್ವ ಚಳಿಜ್ವರದಲ್ಲಿ ಹೋದಳು. ಮಣ್ಣಿಗೆ ಬಂದವರಲ್ಲಿ ಭಾಗವತರೂ ಇದ್ದರು, ಗೌಡರೂ ಇದ್ದರು. ಒಳ್ಳೇ ಹೆಂಗಸು, ಕುಂಚದ ವಿಷಯದಲ್ಲಿ ಮಾತ್ರ ಒಂದು ಸಲ ಎಡವಿದಳು ಎಂದರು ಭಾಗವತರು. ನನಗೆ ತಡೆಯಲಾಗಲಿಲ್ಲ. ಚೌಳಿನ ಹಿಡಿಯಿಂದ ಹಿಡಿದು ಬಸ್ಸಿನ ತನಕ ಎಲ್ಲ ಹೇಳಿದೆ. ಆಮೇಲೆ ಗೌಡರು ನನ್ನ ಹೆಗಲ ಮೇಲೆ ಕೈಯಿಟ್ಟರು.

"ದೊಡ್ಡ ಮನಸ್ಸು ಕಣಯ್ಯ ನಿಂದು. ಸತ್ತೋಳ ತಪ್ಪನ್ನ ನಿನ್ ತಲೆ ಮೇಲೆ ಎಳ್ಕೊಳ್ತೀಯಲ್ಲ."

ಆಣೆ ಮಾಡಿದೆ. ಕೈಮುಗಿದೆ. ಎಷ್ಟು ಹೇಳಿದರೆ ಅಷ್ಟು ನನ್ನ ಗುಣ ಹೊಗಳಿದರು. ಕುಂಟು ಎತ್ತನ್ನೂ ಮಾತಿನಿಂದಲೇ ಮಾರಬಲ್ಲವನು ನಾನು. ಆ ಒಂದು ನಿಜ ಮಾತ್ರ ಇವತ್ತಿನ ತನಕ ಯಾರಿಗೂ ಮಾರಲಾಗಿಲ್ಲ.

ಮುಖದ ಬಣ್ಣದ ಕುಂಚ ಇಟ್ಟುಕೊಂಡವರು, ಆಟದವರಾಗಲಿ, ಮದುವೆಮನೆಯಲ್ಲಿ ಹೆಣ್ಣನ್ನು ಸಿಂಗರಿಸುವವರಾಗಲಿ, ಇಷ್ಟು ಮಾಡಿ. ಬಣ್ಣ ಒಣಗುವ ಮೊದಲೇ ಹರಳೆಣ್ಣೆ ಹಚ್ಚಿ. ಅಡುಗೆಯ ಪಾತ್ರೆ ಬೇಡ, ಹಳದಿ ಬಣ್ಣದಲ್ಲಿ ವಿಷವಿರುತ್ತದೆ. ಒಂದು ಮಡಕೆ ಬೇರೆ ಇಡಿ. ಅಂಟುವಾಳ ಸಿಗದಿದ್ದರೆ ಸೀಗೆಪುಡಿ ನಡೆಯುತ್ತದೆ, ನೊರೆ ಪೂರ್ತಿ ಹೋಗುವ ತನಕ ನೀರು ಬದಲಿಸಿ. ಬಿಸಿನೀರು ಬೇಡ, ಬಿಸಿಲು ಬೇಡ. ಒಣಗಿದ ಮೇಲೆ ಮೊದಲ ಗೆರೆಯನ್ನು ನಿಮ್ಮ ರೆಪ್ಪೆಯ ಮೇಲೇ ಎಳೆದುಕೊಳ್ಳಿ. ಇಷ್ಟರ ಮೇಲೂ ಏನಾದರೂ ಎಡವಟ್ಟಾಗಿ, ತೊಳೆದದ್ದು ಯಾರು ಎಂದು ಯಾರಾದರೂ ಕೇಳಿದರೆ, ಕೇಳಿದ ಗಳಿಗೆಯಲ್ಲೇ ಹೇಳಿ. ತಡಮಾಡಿದರೆ ಪುಕ್ಕಟೆ ಕೊಟ್ಟರೂ ಆ ಮಾತನ್ನು ಯಾರೂ ತೆಗೆದುಕೊಳ್ಳುವುದಿಲ್ಲ.