ಹವಳದ ದಿಬ್ಬಕ್ಕಾಗಿ ಗಾಳಿ ನೋಡಿದ ಬೇಸಿಗೆ

ಹೊನ್ನಾಳಿಗೆ ಸಮುದ್ರವಿಲ್ಲ. ತುಂಗಭದ್ರೆ ಇದ್ದಾಳೆ, ಬೇಸಿಗೆಯಲ್ಲಿ ಆಕೆಯೂ ಬಂಡೆಗಳ ನಡುವೆ ದಾರಿ ಹುಡುಕಿಕೊಂಡು ಹೋಗುತ್ತಾಳೆ. ಇಂಥ ಊರಿನಲ್ಲಿ ಕೂತು ನಾನು ಹೋದ ಬೇಸಿಗೆಯಿಡೀ ಹಿಂದೂ ಮಹಾಸಾಗರದ ಉಸ್ತುವಾರಿ ನೋಡಿಕೊಂಡೆ. ಹುದ್ದೆಗೆ ನಾನಾಗಿ ಅರ್ಜಿ ಹಾಕಿರಲಿಲ್ಲ. ನೇಮಕ ಮಾಡಿದವನು ನನ್ನ ತಮ್ಮ. ನಿವೃತ್ತ ಕನ್ನಡ ಮೇಷ್ಟರು, ಬೇರೆ ಕೆಲಸವಿಲ್ಲ, ಫೋನಿದೆ, ಕನ್ನಡಕವಿದೆ ಎಂಬಿಷ್ಟೇ ಅರ್ಹತೆಯ ಮೇಲೆ ನನ್ನನ್ನು ಹವಾಮಾನಾಧಿಕಾರಿ ಮಾಡಿದ. ಸಂಬಳವಿಲ್ಲ, ರಜೆಯೂ ಇಲ್ಲ.

ತಮ್ಮನದು ಚನ್ನಗಿರಿಯಲ್ಲಿ ಅಡಿಕೆ ಮಂಡಿ. ಮುಂದೆ ಮಂಡಿ, ಹಿಂದೆ ಮನೆ. ಕೆಲವು ವರ್ಷಗಳ ಹಿಂದೆ ಅಡಿಕೆ ಲೋಡಿನ ಹಿಂದೆ ಮಂಗಳೂರಿಗೆ ಹೋದವನು, ವಾಪಸು ಬರುವಾಗ ಮುಲ್ಕಿಯ ಕಡಲ ದಂಡೆಯಲ್ಲಿ ಜನ ಹಲಗೆಯ ಮೇಲೆ ನಿಂತು ಅಲೆಯ ಜೊತೆ ಜಾರಿಕೊಂಡು ಬರುವುದನ್ನು ಕಂಡ. ಆಗಲೇ ಅವನಿಗೆ ನಲವತ್ತು ದಾಟಿತ್ತು. ಹೊಟ್ಟೆ ಅದಕ್ಕೂ ಮೊದಲೇ ಬೆಲ್ಟು ದಾಟಿತ್ತು. ಲಾರಿ ಮುಂದೆ ಹೋಯಿತು, ಸಾಹುಕಾರ ಅಲ್ಲೇ ಉಳಿದ. ಅಲ್ಲಿಂದ ಮುಂದೆ ಅವನಿಗೆ ಮಂಗಳೂರಿನಲ್ಲಿ ವ್ಯಾಪಾರದ ಕೆಲಸ ವಿಪರೀತ ಹೆಚ್ಚಾಯಿತು.

ಕೊನೆಗೆ ಒಂದು ಹಲಗೆಯನ್ನೇ ಕೊಂಡು ತಂದು, ಮಂಡಿಯಲ್ಲಿ ಅಡಿಕೆ ಚೀಲಗಳಿಗೆ ಒರಗಿಸಿಟ್ಟ. ಉಬ್ರಾಣಿಯಿಂದ ಮಾಲು ತಂದ ಬೆಳೆಗಾರರೊಬ್ಬರು ಅದನ್ನು ಮೇಲಿಂದ ಕೆಳಗೆ ನೋಡಿದರು.

"ಏನ್ ಸಾವ್ಕಾರ್ರೆ, ಹೊಸ ಬಾಗ್ಲಾ?"

"ಅಲ್ಲ, ಸಮುದ್ರದ ಮ್ಯಾಲೆ ನಿಂತ್ಕಳಾಕೆ."

"ಯಾಕ್ರಿ, ಅಲ್ಲಿ ಕೂರಾಕೆ ಜಾಗ ಕೊಡಲ್ವಾ?"

ತಮ್ಮನೇ ಎಲ್ಲರಿಗಿಂತ ಜೋರಾಗಿ ನಕ್ಕ. ಅವನ ಸ್ವಭಾವವೇ ಹಾಗೆ. ತನ್ನ ಹುಚ್ಚಿಗೆ ಮೊದಲ ಪ್ರೇಕ್ಷಕ ತಾನೇ.

ಅವನು ಹಲಗೆಯ ಮೇಲೆ ನಿಲ್ಲಲು ಕಲಿತ ಮುಲ್ಕಿಯಲ್ಲಿ ತಳ ಮರಳು, ಅಲೆ ತನಗೆ ತೋಚಿದಲ್ಲಿ ಒಡೆಯುತ್ತದೆ. ಆದರೆ ಅಂಡಮಾನಿನ ಕಡೆ ಒಂದು ದ್ವೀಪವಿದೆ, ಅಲ್ಲಿ ನೀರಿನಡಿ ಹವಳದ ದಿಬ್ಬವಿದೆ, ದೂರದಿಂದ ಬಂದ ಅಲೆ ಆ ದಿಬ್ಬಕ್ಕೆ ಎಡವಿ ಪ್ರತಿಸಲವೂ ಅದೇ ಜಾಗದಲ್ಲಿ ಗೋಡೆಯ ಹಾಗೆ ಎದ್ದು ನಿಲ್ಲುತ್ತದೆ ಎಂದು ಅವನಿಗೆ ಯಾರೋ ಹೇಳಿದ್ದರು. ಆ ಗೋಡೆಯ ಪಕ್ಕದಲ್ಲಿ ಒಂದು ಸಲ ನಿಂತು ಜಾರಬೇಕು. ಹೋದರಾಯಿತು, ಎಲ್ಲಿ ಓಡಿ ಹೋಗುತ್ತದೆ ಎಂದು ವರ್ಷ ಕಳೆಯುತ್ತಿದ್ದ.

ಒಂದು ದಿನ ನಾವಿಬ್ಬರೂ ಸವಳಂಗದಲ್ಲಿ ಬಸ್ಸಿಳಿದು ನೆಂಟರ ಮನೆಗೆ ನಡೆಯುತ್ತಿದ್ದೆವು. ಹಿಂದಿನಿಂದ ಒಬ್ಬ ಹೆಂಗಸು, "ಯಣ್ಣಾ, ಚಪ್ಲಿ!" ಎಂದು ಕೂಗಿದಳು. ತಿರುಗಿ ನೋಡಿದರೆ ತಮ್ಮನ ಎಡಗಾಲಿನ ಚಪ್ಪಲಿ ಅಷ್ಟು ದೂರದಲ್ಲಿ ರಸ್ತೆಯ ಮಧ್ಯೆ ಒಂಟಿಯಾಗಿ ಕೂತಿತ್ತು. ಅದು ಕಳಚಿದ್ದು ಅವನಿಗೆ ಗೊತ್ತೇ ಆಗಿರಲಿಲ್ಲ. "ಮೇಷ್ಟ್ರ ಜೊತೆ ನಡೆದ್ರೆ ಚಪ್ಲೀಗೂ ನಿದ್ದೆ ಬರ್ತೈತೆ" ಎಂದು ಹಾಸ್ಯ ಮಾಡಿದ. ನಾನೂ ನಕ್ಕೆ.

ದಾವಣಗೆರೆಯ ವೈದ್ಯರು ಬೆಂಗಳೂರಿಗೆ ಕಳಿಸಿದರು. ಬೆಂಗಳೂರಿನವರು ಮನೆಗೆ ಕಳಿಸಿದರು. ನರದ ಕಾಯಿಲೆ, ಕಾಲಿನಿಂದ ಶುರುವಾಗಿ ಮೇಲಕ್ಕೆ ಬರುತ್ತದೆ, ಬಂದದ್ದು ಹಿಂದಕ್ಕೆ ಹೋಗುವುದಿಲ್ಲ. ಎಷ್ಟು ಬೇಗ ಎಂದು ಹೇಳಲು ಅವರೂ ತಯಾರಿರಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ತಮ್ಮ ನನ್ನ ಕಡೆ ತಿರುಗಿದ.

"ಅಣ್ಣ, ಆ ದಿಬ್ಬದ ಅಲೆ ಮ್ಯಾಲೆ ಒಂದ್ಸಲ ನಿಂತ್ಕಂಡ್ ಬಿಡ್ಬೇಕು. ಕಾಲು ನಿಲ್ಲೋವಾಗ್ಲೆ."

"ನಿಲ್ಲಾಣ" ಎಂದೆ. ನಾನು ಹಳ್ಳಕ್ಕೂ ಇಳಿದವನಲ್ಲ.

ಹೀಗೆ ನನ್ನ ಅಧಿಕಾರಾವಧಿ ಶುರುವಾಯಿತು. ಆ ದ್ವೀಪಕ್ಕೆ ಹೋಗುವುದೆಂದರೆ ಬಸ್ಸು, ವಿಮಾನ, ಆಮೇಲೆ ಹಡಗು. ಹೊರಟು ತಲುಪುವುದರೊಳಗೆ ಸಮುದ್ರದ ಬುದ್ಧಿ ಬದಲಾಗಿರಬಹುದು. ಆದ್ದರಿಂದ ಅಲೆ ಹುಟ್ಟುವ ಮೊದಲೇ ಅದರ ಜಾತಕ ನೋಡಿ ಹೊರಡಬೇಕು. ಫೋನಿನಲ್ಲಿ ಅದಕ್ಕೊಂದು ಆ್ಯಪ್ ಇದೆ. ನಾನು ಪರೀಕ್ಷೆಗೆ ಓದುವವನ ಹಾಗೆ ಅದನ್ನು ಓದಿದೆ.

ಅಲೆಯ ಎತ್ತರವನ್ನು ಮಾತ್ರ ನೋಡುವವನು ದಡ್ಡ ಎಂದು ಮೊದಲ ವಾರದಲ್ಲೇ ತಿಳಿಯಿತು. ಒಂದು ಅಲೆಗೂ ಇನ್ನೊಂದಕ್ಕೂ ನಡುವೆ ಎಷ್ಟು ಬಿಡುವಿದೆ ಎಂಬುದೇ ಮುಖ್ಯ. ಹತ್ತಿರದ ಗಾಳಿ ಎಬ್ಬಿಸಿದ ಅಲೆಗಳು ಶಾಲೆ ಬಿಟ್ಟ ಮಕ್ಕಳ ಹಾಗೆ, ಒಂದರ ಮೇಲೊಂದು ಬಿದ್ದು ಓಡಿ ಬರುತ್ತವೆ, ಸದ್ದು ಜಾಸ್ತಿ, ಸತ್ವ ಕಡಿಮೆ. ತೆಂಕಣ ಸಮುದ್ರದ ಯಾವುದೋ ಬಿರುಗಾಳಿಯಿಂದ ಹೊರಟು, ದಿನಗಟ್ಟಲೆ ನಡೆದು ಬಂದ ಅಲೆಗಳು ಸಾಲು ಕಟ್ಟಿ, ಬಿಡುವು ಕೊಟ್ಟು, ಹಳೆಯ ಹೆಡ್‌ಮಾಸ್ತರರ ಹಾಗೆ ಗಂಭೀರವಾಗಿ ಬರುತ್ತವೆ. ದಿಬ್ಬದ ಹತ್ತಿರ ಬಂದಾಗಲೇ ಅವುಗಳ ನಿಜವಾದ ಎತ್ತರ ಗೊತ್ತಾಗುವುದು. ಇದರ ಜೊತೆಗೆ ಉಬ್ಬರ ಇಳಿತ ನೋಡಬೇಕು. ನೀರು ತೀರ ಇಳಿದಿದ್ದರೆ ಬಿದ್ದವನ ಬೆನ್ನು ಹವಳಕ್ಕೆ ಹೋಗುತ್ತದೆ. ತೀರ ಉಬ್ಬಿದ್ದರೆ ದಿಬ್ಬ ಇರುವುದೇ ಅಲೆಗೆ ತಿಳಿಯುವುದಿಲ್ಲ.

ಕೊನೆಯದು ಗಾಳಿ. ಆ ದಿಬ್ಬ ಪಡುವಣಕ್ಕೆ ಮುಖ ಮಾಡಿದೆ. ನೆಲದ ಕಡೆಯಿಂದ, ಅಂದರೆ ಮೂಡಲಿಂದ, ಸಣ್ಣಗೆ ಬೀಸುವ ಗಾಳಿ ಬೇಕು. ಅದು ಅಲೆಯ ಎದೆಗೆ ಕೈಕೊಟ್ಟು ಬೀಳದಂತೆ ಹಿಡಿಯುತ್ತದೆ. ಪಡುವಣ ಗಾಳಿ ಬಂದರೆ ಅಲೆಯನ್ನು ಬೆನ್ನಿಗೆ ಗುದ್ದಿ ಕೆಡವುತ್ತದೆ. ಇದನ್ನು ನಾನು ತಮ್ಮನ ಹೆಂಡತಿಗೆ ವಿವರಿಸಿದೆ. ಆಕೆ ಜಗಳೂರಿನ ಕಡೆಯವಳು, ಕಣದಲ್ಲಿ ರಾಗಿ ತೂರಿ ಬೆಳೆದವಳು.

"ಎದುರುಗಾಳೀಲಿ ತೂರಿದ್ರೆ ಹೊಟ್ಟೆಲ್ಲಾ ಮಖಕ್ಕೆ ಬೀಳ್ತೈತೆ. ನೀವು ಎದುರುಗಾಳೀನೇ ಒಳ್ಳೇದು ಅಂತೀರಿ" ಎಂದಳು. "ಇದೆಂಥ ತಲೆಕೆಳಗಿನ ಕಸುಬು ಭಾವ?"

"ನಿನ್ನ ಗಂಡನ ಕಸುಬಮ್ಮ. ನಾನು ಬರೀ ಗುಮಾಸ್ತ."

ತಮ್ಮ ಮಾತ್ರ ಈ ಅಂಕಿಗಳನ್ನೆಲ್ಲ ತನ್ನ ಭಾಷೆಗೆ ತಿರುಗಿಸಿಕೊಂಡಿದ್ದ. ಅಡಿಕೆಯಲ್ಲಿ ಎಲ್ಲಕ್ಕಿಂತ ಮೇಲಿನದು ಸರಕು, ಅದರ ಕೆಳಗೆ ಬೆಟ್ಟೆ, ಆಮೇಲೆ ರಾಶಿ, ಕೊನೆಗೆ ಗೊರಬಲು. ಬೆಳಿಗ್ಗೆ ನಾನು ಫೋನಿನಲ್ಲಿ ಅಲೆ, ಬಿಡುವು, ಗಾಳಿ, ನೀರಿನ ಮಟ್ಟ ಎಲ್ಲ ಓದಿ ಹೇಳುವುದು, ಅವನು ಅಂಗೈಯಲ್ಲಿ ಅಡಿಕೆ ಹಿಡಿದು ನೋಡುವವನ ಹಾಗೆ, "ಗೊರಬಲು" ಅನ್ನುವುದು. ಹಿಂದೂ ಮಹಾಸಾಗರ ಎಷ್ಟೋ ದಿನ ಗೊರಬಲಾಗಿಯೇ ಇತ್ತು.

ಇದರ ನಡುವೆ ಅವನ ಅಭ್ಯಾಸ ನಡೆದಿತ್ತು. ಮಂಡಿ ತೆರೆಯುವ ಮೊದಲು ನೆಲಕ್ಕೆ ಗೋಣಿಚೀಲ ಹಾಸಿ ಬೋರಲು ಮಲಗುತ್ತಿದ್ದ. ಎರಡೂ ಅಂಗೈ ಊರಿ, ಒಂದೇ ನೆಗೆತಕ್ಕೆ ಎದ್ದು, ಎಡಗಾಲು ಮುಂದೆ ಬಲಗಾಲು ಹಿಂದೆ ಇಟ್ಟು ಓರೆಯಾಗಿ ನಿಲ್ಲಬೇಕು. ಅಲೆ ಬಂದಾಗ ಹಲಗೆಯ ಮೇಲೆ ಏಳುವುದು ಹೀಗೆಯೇ. ಹಮಾಲರು ಬೀಡಿ ಹಿಡಿದು ಬಾಗಿಲಲ್ಲಿ ಕೂತು ನೋಡುತ್ತಿದ್ದರು. "ಎದ್ರು! ಸಾವ್ಕಾರ್ರು ಎದ್ರು!" ಎಂದು ಚಪ್ಪಾಳೆ ತಟ್ಟುತ್ತಿದ್ದರು. ಮೊದಲು ಒಂದೇ ನೆಗೆತಕ್ಕೆ ಏಳುತ್ತಿದ್ದವನು ಆಮೇಲೆ ಮೊಣಕಾಲೂರಿ ಏಳತೊಡಗಿದ. ನ್ಯಾಮತಿಯಲ್ಲಿ ಎಣ್ಣೆ ಹಾಕಿ ನರ ನೀವುವವರೊಬ್ಬರ ಹತ್ತಿರ ವಾರಕ್ಕೊಮ್ಮೆ ಹೋಗಿ ಬರುತ್ತಿದ್ದೆವು. ಎಣ್ಣೆಯ ವಾಸನೆ ನನ್ನ ಅಂಗಿಗೂ ಹತ್ತಿತ್ತು. ಅದರಿಂದ ಗುಣ ಕಂಡದ್ದು ನನ್ನ ಮಂಡಿನೋವಿಗೆ.

ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಅಂಕಿಗಳು ಮೈಮುರಿದೆದ್ದವು. ಮುಂದಿನ ವಾರಕ್ಕೆ ಅಲೆ ಎದೆಮಟ್ಟ, ಬಿಡುವು ಒಳ್ಳೆಯದು, ನೀರಿನ ಮಟ್ಟ ಹದ. ಗಾಳಿ ಮಾತ್ರ ನೇರ ಮೂಡಲಲ್ಲ, ಬಡಗಲ ಕಡೆಗೆ ಸ್ವಲ್ಪ ವಾಲಿತ್ತು. ನಾನು ಚನ್ನಗಿರಿಗೇ ಹೋಗಿ ತೋರಿಸಿದೆ. ದ್ವೀಪದಲ್ಲಿ ನಮಗೆ ಗೊತ್ತುಮಾಡಿದ್ದ ದೋಣಿಯವನೂ ತನ್ನ ಹರಕು ಹಿಂದಿಯಲ್ಲಿ, ಬನ್ನಿ, ಸಾಹೇಬರನ್ನು ನಾನು ಹಿಡಿದುಕೊಳ್ಳುತ್ತೇನೆ ಎಂದಿದ್ದ. ತಮ್ಮ ನನ್ನ ಫೋನನ್ನು ಬೆಳಕಿಗೆ ಹಿಡಿದು ನೋಡಿದ.

"ಬೆಟ್ಟೆ" ಎಂದ. "ಕೆಟ್ಟದ್ದಲ್ಲ. ಆದ್ರೆ ಗಾಳಿ ಓರೆ ಐತೆ, ಅಲೆ ಮಖ ಗೀರಿಬಿಡ್ತೈತೆ. ಇದರ ಹಿಂದೆ ಸರಕು ಬರ್ತೈತೆ ಅಣ್ಣ. ಕಾಯಾಣ."

ತಮ್ಮನ ಹೆಂಡತಿ ಒಳಗಿನಿಂದ ಕಾಫಿ ಲೋಟ ಹಿಡಿದುಕೊಂಡೇ ಬಂದಳು. "ಅದೇನ್ ಅಡಿಕೇನ್ರಿ, ಗೋದಾಮಿನಾಗೆ ಇಟ್ಕಂಡು ಕಾಯಾಕೆ? ಬಂದಾಗ ಹೋಗ್ರಿ."

"ನಿಂಗೆ ಗೊತ್ತಾಗಲ್ಲ ಸುಮ್ಕಿರು. ನಾನು ಹೋಗೋದು ಒಂದೇ ಸಲ. ಒಂದೇ ಸಲ ಹೋಗೋನು ಬೆಟ್ಟೆಗೆ ಹೋಗ್ತಾನಾ?"

ಆಕೆ ನನ್ನ ಕಡೆ ನೋಡಿದಳು. "ಭಾವ, ನೀವಾದ್ರೂ ಹೇಳ್ರಿ."

"ಹೋಗಿಬಿಡಾಣ ಕಣೋ" ಎಂದೆ.

"ಅಣ್ಣ, ನೀನು ಗಾಳಿ ಓದು. ಗ್ರೇಡು ನಾನು ಹಾಕ್ತೀನಿ."

ಅವನನ್ನು ಹೇಗೆ ದೂರಲಿ? ನಮ್ಮ ಕಡೆ ಅಡಿಕೆಯವರಿಗೆ ಇದು ಹಾಲಿನ ಜೊತೆ ಬಂದ ಪಾಠ. ಬಂದ ಧಾರಣೆಗೆ ಮಾರಿ ಕೈತೊಳೆದುಕೊಂಡವನನ್ನು ಕೆರೆಬಿಳಚಿಯಿಂದ ಉಬ್ರಾಣಿಯವರೆಗೆ ಯಾರೂ ಜಾಣ ಎನ್ನುವುದಿಲ್ಲ. ಚೆನ್ನಾಗಿ ಒಣಗಿಸಿ, ಚೀಲಕ್ಕೆ ತುಂಬಿ, ಬಾಯಿ ಹೊಲಿದು, ತಾಳ್ಮೆಯಿಂದ ಕೂತವನೇ ಗಂಡಸು. ನನ್ನ ತಮ್ಮನೂ ಜೀವಮಾನವಿಡೀ ಹಾಗೆ ಕಾದು ಗೆದ್ದವನು. ಸೋತದ್ದು ಅವನ ನೆನಪಿನಲ್ಲೇ ಇರಲಿಲ್ಲ.

ಆ ವಾರ ಕಳೆಯಿತು. ಆಮೇಲೆ ಸಮುದ್ರ ಸಪಾಟಾಯಿತು. ಅಂಥ ದೊಡ್ಡ ನೀರು ಇಷ್ಟು ಸುಮ್ಮನೆ ಮಲಗಬಲ್ಲದು ಎಂದು ನನಗೆ ಗೊತ್ತಿರಲಿಲ್ಲ. ನಾನು ದಿನಾ ವರದಿ ಒಪ್ಪಿಸುತ್ತಿದ್ದೆ, ಅವನು ದಿನಾ ಗೊರಬಲು ಎನ್ನುತ್ತಿದ್ದ. ಮೊಣಕಾಲೂರಿ ಏಳುತ್ತಿದ್ದವನು ಚೀಲ ಹಿಡಿದು ಏಳತೊಡಗಿದ. ಹಮಾಲರ ಚಪ್ಪಾಳೆ ಯಾವಾಗ ನಿಂತಿತೋ ನಾನು ಗಮನಿಸಲಿಲ್ಲ.

ಮೇ ತಿಂಗಳು ಬಂತು. ತಮ್ಮನ ಹೆಂಡತಿ ತವರಿಗೆ ಹೋದವಳು ಅಲ್ಲಿಂದ ಫೋನು ಮಾಡಿದಳು. ಜಗಳೂರಿನ ಸುತ್ತ ಗುಡ್ಡದ ಮೇಲೆಲ್ಲ ಗಾಳಿಯಂತ್ರಗಳಿವೆ. ಗಾಳಿ ಯಾವ ಕಡೆಯಿಂದಲೋ ಆ ಕಡೆಗೆ ಅವು ಮುಖ ತಿರುಗಿಸುತ್ತವೆ.

"ಭಾವ, ರೆಕ್ಕೆಯೋವು ಎಲ್ಲಾ ಪಡುವಲಿಗೆ ತಿರುಗ್ಯಾವೆ. ನಮ್ಮಪ್ಪ ಮಳೆ ಬರ್ತೈತೆ ಅಂತ ಖುಷಿಯಾಗಿ ಬಿತ್ತಾಕೆ ಬೀಜ ತೆಗೀತಾ ಅದಾರೆ. ನಂಗೆ ಇಲ್ಲಿ ಅಳು ಬರ್ತೈತೆ."

ಜಗಳೂರಿನ ಗಾಳಿಗೂ ಅಂಡಮಾನಿನ ಗಾಳಿಗೂ ನೇರ ಸಂಬಂಧವಿಲ್ಲಮ್ಮ ಎಂದು ಅಧಿಕೃತವಾಗಿ ತಿಳಿಸಿದೆ. ಫೋನಿಟ್ಟು ಆ್ಯಪ್ ತೆರೆದರೆ ಅಲ್ಲಿಯೂ ಬಾಣಗಳು ಪಡುವಲಿಂದಲೇ ಬರುತ್ತಿದ್ದವು. ಊರಿಗೆ ಊರೇ ಕಾಯುತ್ತಿದ್ದ ಮುಂಗಾರಿನ ಗಾಳಿಯನ್ನು ಆ ವರ್ಷ ನಾವು ಮನೆಯವರು ಮಾತ್ರ ಶಪಿಸಿದೆವು.

ಮಳೆಗಾಲ ಪೂರ್ತಿ ಕೂರುವ ಮೊದಲು ಗಾಳಿ ಒಮ್ಮೆ ಉಸಿರು ಹಿಡಿಯಿತು. ಒಂದು ಬೆಳಿಗ್ಗೆ ಕನ್ನಡಕ ಒರೆಸಿ ಒರೆಸಿ ನೋಡಿದೆ. ತೆಂಕಣದಿಂದ ಉದ್ದದ ಅಲೆ, ತಲೆಗಿಂತ ಎತ್ತರ. ಬಿಡುವು ನಾನು ಆವರೆಗೆ ಕಾಣದಷ್ಟು. ಉಬ್ಬರ ಬೆಳಗಿನ ಹೊತ್ತಿಗೆ ಸರಿಯಾಗಿ ಅರ್ಧ. ಗಾಳಿ ಮೂಡಲಿಂದ, ದೀಪ ಆರದಷ್ಟು. ಎಲ್ಲವೂ ಮುಂದಿನ ವಾರಕ್ಕೆ. ಗ್ರೇಡು ಹಾಕಲು ಮಂಡಿಯವನೇ ಬೇಕಿರಲಿಲ್ಲ. ಫೋನಿನಲ್ಲಿ ಹೇಳುವ ಸುದ್ದಿಯಲ್ಲ ಎಂದು ಚನ್ನಗಿರಿಯ ಬಸ್ಸು ಹತ್ತಿದೆ.

ನಾನು ಒಳಗೆ ಕಾಲಿಟ್ಟಾಗ ಅವನು ಗೋಣಿಚೀಲದ ಮೇಲೆ ಬೋರಲು ಮಲಗಿದ್ದ. ನನ್ನ ಮುಖ ನೋಡಿದೊಡನೆ ಅವನಿಗೆ ತಿಳಿಯಿತು.

"ಬಂತಾ?"

"ಬಂತು."

"ತಡಿ" ಎಂದು ಅಂಗೈ ಊರಿದ. ಎದೆ ಎದ್ದಿತು. ಸೊಂಟ ಸ್ವಲ್ಪ ಎದ್ದಿತು. ಎಡಗಾಲು ಮುಂದೆ ಬರಬೇಕಿತ್ತು. ಬರಲಿಲ್ಲ. ಕೆಳಗಿಳಿದು, ಉಸಿರು ತೆಗೆದುಕೊಂಡು, ಮತ್ತೆ ಊರಿದ. ಈ ಸಲ ತೋಳುಗಳೇ ನಡುಗಿದವು. ಹಮಾಲರು ಮುಖ ತಿರುಗಿಸಿ, ಹೊಲಿದಿದ್ದ ಚೀಲಗಳನ್ನೇ ಮತ್ತೆ ಹೊಲಿಯಲು ನಿಂತರು. ಅವನು ಕೆನ್ನೆಯನ್ನು ಗೋಣಿಗೆ ಇಟ್ಟು ಹಾಗೆಯೇ ಮಲಗಿದ. ನಾನು ಪಕ್ಕದಲ್ಲಿ ನೆಲದ ಮೇಲೆ ಕೂತೆ.

"ಅಣ್ಣ, ಗಾಳಿ ಹೆಂಗೈತೆ?" ಎಂದ.

"ಮೂಡಲಿಂದ..."

"ಬ್ಯಾಡ" ಎಂದ. "ಕೆಟ್ಟೈತೆ ಅನ್ನು."

ಹುದ್ದೆಗೆ ತಕ್ಕ ಗಾಂಭೀರ್ಯ ತಂದುಕೊಂಡು ಫೋನನ್ನು ಕಣ್ಣಿನ ಮುಂದೆ ಹಿಡಿದೆ.

"ಪಡುವಲಿಂದ ಭಾರಿ ಜೋರು ಐತೆ ಕಣೋ. ಅಲೆ ಎಲ್ಲಾ ಚೂರುಚೂರು. ದಿಬ್ಬದ ಮ್ಯಾಲೆ ನೀರೇ ಸಾಲದು."

"ಗೊರಬಲಾ?"

"ಗೊರಬಲೂ ಅಲ್ಲ. ಸಿಪ್ಪೆ."

ಅವನ ಬೆನ್ನು ಕುಲುಕಿತು. ನಕ್ಕದ್ದೋ ಏನೋ, ಮುಖ ನನಗೆ ಕಾಣುತ್ತಿರಲಿಲ್ಲ. "ಹಂಗಾದ್ರೆ ಹೋಗಿದ್ರೂ ದಂಡ ಆಗ್ತಿತ್ತು."

"ಪೂರಾ ದಂಡ."

ಅವನ ಹೆಂಡತಿ ಎಷ್ಟು ಹೊತ್ತಿನಿಂದ ನಡುಬಾಗಿಲಲ್ಲಿ ನಿಂತಿದ್ದಳೋ. ಬಂದು ಒಂದು ರಟ್ಟೆ ಹಿಡಿದಳು, ಇನ್ನೊಂದನ್ನು ನಾನು ಹಿಡಿದೆ. ಎಬ್ಬಿಸಿ ಕುರ್ಚಿಗೆ ಕೂರಿಸಿದೆವು. ಆಕೆ ಅವನ ಅಂಗಿಗೆ ಹತ್ತಿದ ಗೋಣಿಯ ನಾರನ್ನು ಒಂದೊಂದಾಗಿ ಕೀಳುತ್ತ, "ಏನ್ ಭಾವ, ಅಷ್ಟೊಂದು ಜೋರಾ ಗಾಳಿ?" ಎಂದಳು.

"ಜೋರಮ್ಮ" ಎಂದೆ.

ಮುಂದಿನ ವಾರ ಹೊನ್ನಾಳಿಯಲ್ಲಿ ಕೂತು ನೋಡಿದೆ. ಆ್ಯಪ್ ಒಂದಿಷ್ಟೂ ತಪ್ಪು ಹೇಳಿರಲಿಲ್ಲ. ಅಲೆಗಳು ಹೇಳಿದ ದಿನಕ್ಕೆ, ಹೇಳಿದ ದಿಕ್ಕಿನಿಂದ, ಒಂದರ ಹಿಂದೊಂದು ಬಿಡುವು ಕೊಟ್ಟು ಆ ದಿಬ್ಬಕ್ಕೆ ಬಂದವು. ಯಾರೂ ನಿಲ್ಲದ ಅಲೆಗಳು. ಸಾವಿನ ಮನೆಯಲ್ಲಿ ಕೊನೆಯವರೆಗೆ ಕೂರುವ ಹಾಗೆ ಕೂತು ಅವನ್ನೆಲ್ಲ ದಾಟಿಸಿದೆ. ಕೊನೆಗೊಂದು ಮಧ್ಯಾಹ್ನ ಬಾಣಗಳು ಸರಕ್ಕನೆ ತಿರುಗಿ ಪಡುವಲಾದವು. ಪಡುವಲು ಎಂದರೆ ಈಗ ಸುಳ್ಳಾಗುವುದಿಲ್ಲವಲ್ಲ ಎಂದು ಚನ್ನಗಿರಿಗೆ ಫೋನು ಮಾಡಿದೆ.

"ಇನ್ನೂ ಪಡುವಲಾ ಅಣ್ಣ?" ಎಂದ.

"ಇನ್ನೂ ಪಡುವಲೇ ಕಣೋ" ಎಂದೆ.