ಗಚ್ಚಿಯ ಮೇಲಿನ ದಾಳಿಂಬೆಯ ಉಪವಾಸ

ಈ ವರ್ಷ ಸಂಕ್ರಾಂತಿ ಮುಗಿದ ಮರುದಿನದಿಂದ ನಾನು ಒಂದು ಗಿಡಕ್ಕೆ ನೀರು ನಿಲ್ಲಿಸಿದೆ. ಬೇಕೆಂದೇ!

ಪೂಜೆ ಮುಗಿಯದೆ ಚಹಾ ಕೂಡ ಮುಟ್ಟದ ಹೆಂಗಸು ಹೀಗೇಕೆ ಮಾಡಿದಳು ಅಂತೀರಾ? ಕೇಳಿ.

ಸೊಲ್ಲಾಪುರದ ನಮ್ಮ ಮನೆಗೆ ಅಂಗಳವಿಲ್ಲ. ಕೆಳಗೆ ಅಂಗಡಿ, ಮೇಲೆ ಮನೆ, ಅದರ ಮೇಲೆ ಗಚ್ಚಿ. ಅಲ್ಲಿ ಅರ್ಧಕ್ಕೆ ಕೊಯ್ದ ನೀಲಿ ಡ್ರಮ್ಮಿನಲ್ಲಿ ಮೂರು ವರ್ಷದ ಹಿಂದೆ ಗಿಡ್ಡ ಜಾತಿಯ ದಾಳಿಂಬೆ ನೆಟ್ಟೆ. ಅಭಿಷೇಕದ ತೀರ್ಥವನ್ನು ಯಾರೂ ತುಳಿಯಬಾರದಲ್ಲ, ದಿನಾ ಅದರ ಬುಡಕ್ಕೇ ಸುರಿಯುತ್ತಿದ್ದೆ. (ಮೇಲೊಂದು ಬಕೆಟ್ ನೀರು, ಪ್ರೀತಿಗೆ.) ಗಿಡ ಹಸಿರಾಗಿ ಕೊಬ್ಬಿತು. ಹೂವು? ಒಂದೂ ಇಲ್ಲ.

"ಬರೇ ಎಲಿ! ಇದರದ್ದ ಪಲ್ಲೆ ಮಾಡ್ತೀಯೇನವಾ?" ಎಂದರು ಅತ್ತೆ. ಈ ಸಲವೂ ಕಾಯಿ ಬಿಡದಿದ್ದರೆ ಆ ಜಾಗದಲ್ಲಿ ಸೋಲಾರ್ ಹೀಟರ್ ಕೂಡಿಸುವುದೆಂದು ನಮ್ಮ ಮನೆಯವರು ಫೈನಲ್ ಮಾಡಿಬಿಟ್ಟರು.

ಹಬ್ಬಕ್ಕೆ ಕುರನೂರಿನಿಂದ ತಮ್ಮ ಬಂದಿದ್ದ. ಅವನದು ದಾಳಿಂಬೆ ತೋಟ. ಡ್ರಮ್ಮು ನೋಡಿ ನಕ್ಕ.

"ಅಕ್ಕಾ, ಭಾಳ ಲಾಡ ಮಾಡೀದಿ ಇದಕ್ಕ, ಮುದ್ದಿನ ಕೂಸಿನಂಗ. ಹೊಟ್ಟಿ ತುಂಬಿದ ಗಿಡ ಎಲಿ ಬಿಡ್ತದ, ಹೂವ ಯಾಕ ಬಿಟ್ಟೀತು? ನೀರ್ ಬಂದ್ ಮಾಡು. ಎಲಿ ಹಳದಿ ಆಗಿ ಉದುರೂತನಾ ಒಂದ್ ಹನಿ ಹಾಕಬ್ಯಾಡ."

"ಪಾಪ ಬರ್ತದೋ ತಮ್ಮಾ!"

"ನಾ ವರ್ಷಾ ಇಡೀ ತ್ವಾಟಾನ ಒಣಗಸ್ತೀನಿ. ನನಗೆಷ್ಟ್ ಪಾಪ ಬಂದಿರಬೇಕು ನೋಡು!"

ಬಂದ್ ಮಾಡಿದೆ. ಆರನೇ ದಿನ ನೋಡಿದರೆ ಮಣ್ಣು ಒದ್ದೆ!

"ನೀರೆಲ್ಲಿ ಹಾಕೀನಿ? ಬರೇ ತೀರ್ಥ ಹಾಕೀನಿ" ಎಂದರು ಅತ್ತೆ. "ತೀರ್ಥಕ್ಕೂ ಬಂದ್ ಇರ್ತದೇನವಾ?"

ತೀರ್ಥವನ್ನು ದಾಸವಾಳದ ಕುಂಡಕ್ಕೆ ತಿರುಗಿಸಿ, ಮತ್ತೆ ಮೊದಲಿನಿಂದ ಶುರು ಮಾಡಿದೆ. ಒಂದೊಂದೇ ಎಲೆ ಉದುರುವಾಗ ನನ್ನ ಗಂಟಲೂ ಒಣಗುತ್ತಿತ್ತು. ಗುರುವಾರಗಳಂದು ನಾನೂ ನಿರಾಹಾರ. ಗಿಡ ಸತ್ತೇ ಹೋದರೆ? ಎರಡು ಸಲ ತುಂಬಿದ ತಂಬಿಗೆ ಹಿಡಿದು ಮೆಟ್ಟಿಲು ಹತ್ತಿ, ಹಾಗೇ ಇಳಿದು ಬಂದೆ.

ಮೂರು ವಾರದ ಮೇಲೆ ತಮ್ಮ ಫೋನಿನಲ್ಲಿ ಬೋಳು ಕೊಂಬೆಗಳ ಫೋಟೋ ನೋಡಿ, "ಈಗ ಕುಡಸು" ಎಂದ. ಸಗಣಿ ಗೊಬ್ಬರ ಹಾಕಿ, ನಿಧಾನಕ್ಕೆ ನೀರು ಕೊಟ್ಟೆ. ಹೋಳಿ ಹುಣ್ಣಿಮೆಯ ಹೊತ್ತಿಗೆ ಕೊಂಬೆಯ ತುಂಬ ಕೆಂಪು ಹೂವು! ಉದುರಿದ್ದು ಉದುರಿ, ಶ್ರಾವಣಕ್ಕೆ ನಾಲ್ಕು ಹಣ್ಣು ನಿಂತವು. ನಾಲ್ಕೇ. ಸಾಕಲ್ಲ?

ಮೊದಲನೆಯದು ದೇವರಿಗೆ. ಕಳೆದ ಗುರುವಾರ ಅತ್ತೆಯೊಂದಿಗೆ ಅಕ್ಕಲಕೋಟದ ಸ್ವಾಮಿಯ ಗುಡಿಗೆ ಹೋದೆ. ದರ್ಶನದ ಸಾಲಿನಲ್ಲಿ ಮುಂದಿದ್ದ ಅಪರಿಚಿತ ಹೆಂಗಸಿಗೆ ಅತ್ತೆ ಹಣ್ಣು ತೋರಿಸಿದರು: "ನಮ್ಮ ಸೊಸಿ ಗಚ್ಚಿ ಮ್ಯಾಲ ಬೆಳಸ್ಯಾಳ್ರಿ!" ಹಿಂದಿದ್ದವರಿಗೂ ಹೇಳಿದರು. ಕನ್ನಡ ಬಾರದವರಿಗೆ ಮರಾಠಿಯಲ್ಲೂ ಹೇಳಿದರು.

ಗುಡಿಯಲ್ಲಿ ಜಂಬ ಸಲ್ಲದು, ಗೊತ್ತು. ಹಣ್ಣು ಕೊಟ್ಟವನು ಅವನೇ. ಆದರೆ ಮೂರು ವಾರ ಕೈ ಕಟ್ಟಿ ಕುಳಿತವಳು ನಾನಲ್ಲವೇ?