ಉಗಾರ ಮತ್ತು ನಿಪ್ಪಾಣಿಯ ತಾಯ್ ಚಿ ಹೆಜ್ಜೆಗಳ ವ್ಯತ್ಯಾಸದ ಕುರಿತು

ಮಾನ್ಯ ಓದುಗರೇ,

ಅಂಗನವಾಡಿ ಕಾರ್ಯಕರ್ತೆಯಾಗಿ ವರದಿಗಳನ್ನು ಬರೆದದ್ದು ಬಿಟ್ಟರೆ ಬೇರೇನನ್ನೂ ಬರೆದು ನನಗೆ ರೂಢಿಯಿಲ್ಲ. ಬಲಗೈ ಮಣಿಕಟ್ಟು ಮುರಿದು ಕೂಡಿದ್ದರಿಂದ ಅಕ್ಷರಗಳು ಸಾಲು ಬಿಟ್ಟು ಇಳಿಯುತ್ತವೆ. ಕಾಗುಣಿತವಂತೂ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಈ ಎರಡೂ ಲೋಪಗಳನ್ನು ಮನ್ನಿಸಬೇಕೆಂದು ಮೊದಲಿಗೇ ಕೋರಿಕೊಂಡು, ವಿಷಯವನ್ನು ತಮ್ಮ ಅವಗಾಹನೆಗೆ ತರುತ್ತೇನೆ.

ನಿವೃತ್ತಳಾದ ವರ್ಷವೇ ಕಾಗವಾಡದಲ್ಲಿ ಬಸ್ಸಿನಿಂದ ಇಳಿಯುವಾಗ ಬಿದ್ದೆ. ಕೈ ಎರಡು ತಿಂಗಳಲ್ಲಿ ಕೂಡಿತು, ಹೆದರಿಕೆ ಮಾತ್ರ ಉಳಿಯಿತು. ಸೊಸೆಯ ತೋಳು ಹಿಡಿಯದೆ ಹೊಸ್ತಿಲು ದಾಟಲು ಆಗುತ್ತಿರಲಿಲ್ಲ. ಅಷ್ಟು ವರ್ಷ ಓಣಿಯ ಮಕ್ಕಳ ಕೈಹಿಡಿದು ನಡೆಸಿದವಳು ನಾನು. ಇನ್ನೊಮ್ಮೆ ಯಾರ ಆಸರೆಯೂ ಇಲ್ಲದೆ ನಡೆಯಬೇಕೆಂಬುದೊಂದೇ ಆಸೆ ಉಳಿದಿತ್ತು.

ಅಥಣಿಯ ವೈದ್ಯರು ದೇಹದ ಸಮತೋಲಕ್ಕೆ ವ್ಯಾಯಾಮ ಮಾಡಿರೆಂದರು. ನಮ್ಮ ಉಗಾರ ಬುದ್ರುಕದಲ್ಲಿ ಸೇನೆಯಿಂದ ನಿವೃತ್ತರಾದ ಸುಭೇದಾರರೊಬ್ಬರು ಶಾಲೆಯ ಅಂಗಳದಲ್ಲಿ ಬೆಳಿಗ್ಗೆ ತಾಯ್ ಚಿ ಕಲಿಸುತ್ತಿದ್ದರು. ಸೇನಾ ಆಸ್ಪತ್ರೆಯಲ್ಲಿದ್ದಾಗ ವೈದ್ಯರೊಬ್ಬರಿಂದ ಅವರು ಇದನ್ನು ಕಲಿತಿದ್ದರಂತೆ. ಚೀನಾ ದೇಶದ ಈ ನಿಧಾನದ ವ್ಯಾಯಾಮದಲ್ಲಿ ಭಂಗಿಯಿಂದ ಭಂಗಿಗೆ ನೀರಿನಂತೆ ಸಾಗಬೇಕು. ಪ್ರತಿ ಭಂಗಿಗೂ ಒಂದು ಹೆಸರುಂಟು. ‘ಕುದುರೆಯ ಜೂಲು ಸವರುವುದು’ ಎಂದು ಅವರು ಹೇಳಿಕೊಟ್ಟಾಗ ಹಿಂದಿನ ಸಾಲಿನ ಅಜ್ಜಿಯೊಬ್ಬರು, “ಕುದುರಿ ಯಾರ್ ಕಂಡಾರ್ರಿ ಸಾಹೇಬ್ರ, ಎಮ್ಮಿ ಮೈ ತಿಕ್ಕೂದು ಅನ್ರಿ, ಲಗೂನ ತಿಳಿತೈತಿ” ಎಂದರು. ಅಂದಿನಿಂದ ನಮ್ಮಲ್ಲಿ ಅದೇ ಹೆಸರು ನಿಂತಿತು.

ಸುಭೇದಾರರು ನಮಗೆ ಬೆನ್ನು ಮಾಡಿ ಮುಂದೆ ನಿಲ್ಲುತ್ತಿದ್ದರು, ನಾವು ನೋಡಿ ಮಾಡುತ್ತಿದ್ದೆವು. ಬಲಗಾಲು ಮುಂದಿಡುವಾಗ ಅವರು ಮೊದಲು ಕಾಲ್ಬೆರಳ ತುದಿಯಿಂದ ನೆಲ ಮುಟ್ಟಿ, ಒಂದು ಉಸಿರು ತಡೆದು, ಆಮೇಲೆ ಹಿಮ್ಮಡಿ ಊರುತ್ತಿದ್ದರು. ನಾವೂ ಹಾಗೆಯೇ ಮಾಡಿದೆವು. ನಾಲ್ಕು ತಿಂಗಳಲ್ಲಿ ನಾನು ಒಬ್ಬಳೇ ಹಾಲಿನ ಡೇರಿಯವರೆಗೆ ಹೋಗಿ ಬರುವಂತಾದೆ.

ಹೀಗಿರುವಾಗ ನಿಪ್ಪಾಣಿಯ ನನ್ನ ತಂಗಿ ಹದಿನೈದು ದಿನಗಳ ಮಟ್ಟಿಗೆ ತನ್ನಲ್ಲಿಗೆ ಕರೆಸಿಕೊಂಡಳು. ತಂಬಾಕಿನ ಹಳೆಯ ಗೋದಾಮಿನಲ್ಲಿ ನಡೆಯುವ ತಾಯ್ ಚಿ ವರ್ಗಕ್ಕೆ ಅವಳೂ ಹೋಗುತ್ತಿದ್ದಳು, ನನ್ನನ್ನೂ ಕರೆದೊಯ್ದಳು. ಅಲ್ಲಿ ಕಲಿಸುವ ಮೇಡಮ್ ಪುಣೆಯಲ್ಲಿ ಬೇರೊಂದು ಪರಂಪರೆಯ ಗುರುಗಳ ಬಳಿ ಕಲಿತವರು. ಭಂಗಿಯ ಹೆಸರು ಅದೇ ಆದರೂ ಅವರ ಸೊಂಟ ನಮ್ಮವರಿಗಿಂತ ಕೆಳಗೆ, ಹೆಜ್ಜೆ ಎರಡರಷ್ಟು ಅಗಲ, ಮುಂದಿಟ್ಟ ಕಾಲು ನೇರವಾಗಿ ಹಿಮ್ಮಡಿಯ ಮೇಲೆಯೇ.

“ಯಕ್ಕಾ, ನೆಲಾ ಸುಡಾಕತ್ತೈತೇನ? ಯಾಕ ಹಂಗ ಮುಟ್ಟಿ ಮುಟ್ಟಿ ನೋಡ್ತಿ?” ಎಂದು ತಂಗಿ ನಕ್ಕಳು.

“ನಮ್ಮ ಸಾಹೇಬ್ರು ಹಿಂಗ ಕಲಿಸ್ಯಾರ.”

“ನಿಮ್ಮ ಸಾಹೇಬ್ರಿಗೆ ಯಾರ್ ಕಲಿಸ್ಯಾರೋ ಏನೋ, ಬಂದೂಕ ಹಿಡದವ್ರು! ನಮ್ಮ ಮೇಡಮ್ ಪುಣೆದಾಗ ಕಲ್ತಾರ, ತಿಳೀತ?”

ಸಂಕೋಚದಿಂದ ನಾನೂ ಹಿಮ್ಮಡಿಯನ್ನೇ ಇಟ್ಟೆ. ಮೂರನೆಯ ಹೆಜ್ಜೆಗೆ ಸಮತೋಲ ತಪ್ಪಿತು. ತಂಗಿ ಹಿಡಿಯದಿದ್ದರೆ ಬೀಳುತ್ತಿದ್ದೆ. ನಾಲ್ಕು ತಿಂಗಳು ಕಲಿತದ್ದೆಲ್ಲ ಸುಳ್ಳೇ ಎಂಬ ಯೋಚನೆ ಹೊಕ್ಕಿತು. ಮರುದಿನ ಅವಳ ಮನೆಯ ಎರಡು ಮೆಟ್ಟಿಲು ಇಳಿಯಲು ಮತ್ತೆ ಅವಳ ತೋಳೇ ಬೇಕಾಯಿತು.

ಮೇಡಮ್ ಇದನ್ನು ಕೇಳಿ, ಮರಾಠಿಯಲ್ಲಿ ಚಿಕ್ಕಮ್ಮನೆಂದು ಕರೆದು, ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡರು. “ಮಾವಶಿ, ಘಾಬರಿ ಆಗಬ್ಯಾಡ್ರಿ. ನಮ್ಮ ಗುರುಗಳ ಕಡೆ ಕಲ್ತ ಇಬ್ರು ಅಣ್ಣತಮ್ಮಂದಿರದ ಕೈ ಸೈತ ಒಂದ ನಮೂನಿ ಇಲ್ಲ. ನಿಮ್ಮ ಸರ್ ಬೆರಳು ಯಾಕ ಇಡ್ತಾರ, ಅವ್ರನ್ನ ಕೇಳ್ರಿ. ಏನರೆ ಕಾರಣ ಇರತೈತಿ” ಎಂದರು.

ಊರಿಗೆ ಮರಳಿದವಳು, ನಾವು ಬೆರಳನ್ನೇ ಮೊದಲು ಇಡುವುದೇಕೆಂದು ಅಂಜುತ್ತಂಜುತ್ತಲೇ ಕೇಳಿದೆ. ಸುಭೇದಾರರು ಬಲಗಾಲಿನ ಬೂಟು ಬಿಚ್ಚಿದರು. ಮೂರು ಬೆರಳುಗಳಿರಲಿಲ್ಲ.

“ಅಕ್ಕೋರ, ಇದು ಯಾವ ಪರಂಪರಾನೂ ಅಲ್ರಿ. ಹಿಮದಾಗ ಬೆರಳು ಹೋದವು. ಈ ಕಾಲಿಗೆ ನೆಲದ ಸುಳಿವ ಹತ್ತೂದಿಲ್ಲ, ಅದಕ್ಕ ಉಳಿದ ಬೆರಳಿಂದ ಮೊದಲ ಮುಟ್ಟಿ ನೋಡ್ತೀನಿ. ನನಗ ಕಲಿಸಿದ ಡಾಕ್ಟರ್ ಹಿಂಗ ಮಾಡ್ತಿರಲಿಲ್ಲ.” ಆಮೇಲೆ ತಟ್ಟನೆ ತಲೆಯೆತ್ತಿದರು. “ಏನಂದ್ರಿ, ನೀವೆಲ್ಲಾರೂ ಹಂಗ ಮಾಡಾಕತ್ತೀರಾ? ಬೆನ್ನ ಹಾಕಿ ನಿಂತಾವ, ಹಿಂದ ಏನ್ ನಡದೈತಿ ನನಗೇನ್ ಗೊತ್ತು!”

ನಕ್ಕರು, ಆದರೆ ಮುಖ ಸಣ್ಣದಾಗಿತ್ತು. “ನಾಳಿಂದ ಬಿಡಿಸಿಬಿಡ್ತೀನಿ. ನನ್ನ ಊನ ನಿಮಗ್ಯಾಕ?”

“ಬಿಡಿಸಬ್ಯಾಡ್ರಿ ಸಾಹೇಬ್ರ. ನಾ ಡೇರಿತನಾ ನಡದಿದ್ದು ಆ ಬೆರಳಿನ ಮ್ಯಾಲ.”

ಅವರು ಬಹಳ ಹೊತ್ತು ಬೂಟಿನ ದಾರ ಕಟ್ಟುತ್ತಲೇ ಇದ್ದರು. “ಹಂಗಾರ ಯಾಕ ಇಡ್ತೀವಿ ಅಂತ ಹೇಳೇ ಇಡೂಣ್ರಿ. ಬ್ಯಾಡಾದವ್ರು ಹಿಮ್ಮಡಿ ಇಡ್ಲಿ” ಎಂದರು. ಮರುದಿನ ನಮ್ಮತ್ತ ಮುಖ ಮಾಡಿ ನಿಂತು ಎಲ್ಲರಿಗೂ ಕಾಲು ತೋರಿಸಿದರು. ಹೆಚ್ಚಿನವರು ಹಿಮ್ಮಡಿಗೆ ಹೋದರು. ಎಮ್ಮೆಯ ಅಜ್ಜಿ ಮತ್ತು ನಾನು ಬೆರಳಲ್ಲೇ ಉಳಿದೆವು.

ಮೇಡಮ್ ಅವರಿಗೆ ಈ ಸಂಗತಿಯನ್ನು ದೂರವಾಣಿಯಲ್ಲಿ ತಿಳಿಸಿದಾಗ, ಮೊಣಕಾಲು ನೋವಿನ ಇಬ್ಬರಿಗೆ ತಾವೂ ಇದನ್ನು ಹೇಳಿಕೊಡುವುದಾಗಿ ಹೇಳಿದರು. ಆ ಸುಭೇದಾರರಿಗೂ ಈ ಮೇಡಮ್ ಅವರಿಗೂ ನಾನು ಎಂದೆಂದಿಗೂ ಆಭಾರಿಯಾಗಿದ್ದೇನೆ.

ಕಳೆದ ತಿಂಗಳು ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ ಒಬ್ಬಳೇ ನಿಪ್ಪಾಣಿಗೆ ಹೋದೆ. ತಂಗಿ ನಿಲ್ದಾಣಕ್ಕೆ ಬಂದು ಬಸ್ಸಿನ ಬಾಗಿಲಿಗೇ ಕೈ ಚಾಚಿ ನಿಂತಿದ್ದಳು. ಆ ಕೈಗೆ ನನ್ನ ಚೀಲ ಕೊಟ್ಟು, ಕೆಳಗಿಳಿದೆ.

ಮೇಲ್ಕಂಡ ಬರಹದಲ್ಲಿ ಕಾಣುವ ತಪ್ಪುಗಳನ್ನು ತಾವೇ ತಿದ್ದಿ ಓದಿಕೊಳ್ಳಬೇಕೆಂದೂ, ಸಾಧ್ಯವಾದರೆ ನನಗೂ ತಿಳಿಸಬೇಕೆಂದೂ ವಿನಯಪೂರ್ವಕವಾಗಿ ಬೇಡಿಕೊಳ್ಳುತ್ತೇನೆ.